ಮಗಳ ಹಲ್ಲಿನ ಕಲೆ ಮತ್ತು ಊರ ಬೋರಿನ ನೀರು

(ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿ, ಪುಸ್ತಕ ಬರೆಯುವುದು ಇವುಗಳ ಬಗ್ಗೆ ಪ್ರತಿ ಸಭೆಯಲ್ಲಿಯೂ ಮಾತಾಡುತ್ತೇವೆ. ಇವತ್ತು ಹಲ್ಲಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. "ಹಲ್ಲಿನ ಬಗ್ಗೆ ಮಾತಾಡೋದು ಏನದ ರೀ, ಮುಂಜಾನೆ ಎದ್ದು ತಿಕ್ಕಿದ್ರ ಮುಗೀತು" ಎಂದು ಕೆಲವರು ನಗುತ್ತೀರಿ. ನಗ್ರಿ, ತಪ್ಪಿಲ್ಲ. ಆದರೆ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವವರೂ ನಮ್ಮೊಳಗೆ ಇದ್ದಾರೆ. ಶಾಲೆಯಲ್ಲಿ ಫೋಟೋ ತೆಗೆಯುವಾಗ ತುಟಿ ಬಿಗಿ ಹಿಡಿಯುವ ಹುಡುಗಿಯರು ಇದ್ದಾರೆ. ಕನ್ಯಾ ನೋಡಲು ಬಂದವರು "ಹುಡುಗಿ ಛಲೋ ಅದಾಳ, ಹಲ್ಲು ಮಾತ್ರ..." ಎಂದು ಅರ್ಧಕ್ಕೆ ಮಾತು ನಿಲ್ಲಿಸಿ ಎದ್ದು ಹೋದ ಮನೆಗಳೂ ನಮ್ಮ ಊರುಗಳಲ್ಲಿ ಉಂಟು. ಅದಕ್ಕೇ ಈ ವಿಷಯ ಆರಿಸಿಕೊಂಡೆವು.

ಮೊದಲು ಒಂದು ಪ್ರಶ್ನೆ. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು? ಎಲುಬು ಅಂತೀರಿ. ಅಲ್ಲ, ಹಲ್ಲಿನ ಮೇಲಿನ ಬಿಳಿಯ ಹೊದಿಕೆ. ಡಾಕ್ಟರರು ಅದಕ್ಕೆ ಎನಾಮಲ್ ಎನ್ನುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ, ಅಂದರೆ ಹೆಚ್ಚುಕಡಿಮೆ ಕಲ್ಲು. ಅದಕ್ಕೇ ಎಪ್ಪತ್ತು ವರ್ಷ ರೊಟ್ಟಿ, ಶೇಂಗಾ, ಕಡಲಿ ಅಗಿದರೂ ತಡೆಯುತ್ತದೆ. ಆದರೆ ಎಲುಬಿಗೆ ಇರುವ ಒಂದು ಗುಣ ಇದಕ್ಕಿಲ್ಲ. ಎಲುಬು ಮುರಿದರೆ ಮತ್ತೆ ಕೂಡುತ್ತದೆ. ಎನಾಮಲ್ ಹೋಯಿತೆಂದರೆ ಹೋಯಿತು, ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕಣಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಗೌಂಡಿ ಮನಿ ಕಟ್ಟಿ ಕೂಲಿ ತಗೊಂಡು ಹೋದಂಗ. ಅವನು ಕಟ್ಟುವಾಗ ಗಚ್ಚಿನೊಳಗೆ ಏನು ಕಲಸಿದ್ದನೋ ಅದು ಗೋಡೆಯಲ್ಲಿ ಕೊನೆಯ ತನಕ ಉಳಿಯುತ್ತದೆ. ಈ ಮಾತು ನೆನಪಿಡ್ರಿ, ಮುಂದೆ ಬೇಕಾಗುತ್ತದೆ.

ಹಲ್ಲು ಯಾವಾಗ ತಯಾರಾಗುತ್ತದೆ? ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮೊದಲು. ಹಾಲುಹಲ್ಲು 20. ಅವು ಮಗು ಹೊಟ್ಟೆಯಲ್ಲಿರುವಾಗಲೇ, ಬಸಿರಿನ ನಾಲ್ಕನೇ ತಿಂಗಳ ಸುಮಾರಿಗೆ ಗಟ್ಟಿಯಾಗಲು ಶುರುವಾಗುತ್ತವೆ. ಹಾಲುಹಲ್ಲು ಬಿದ್ದ ಮೇಲೆ ಬರುವ ಮುಂದಿನ ದೊಡ್ಡ ಹಲ್ಲುಗಳಿವೆಯಲ್ಲ, ಅವು ಮಗುವಿಗೆ ಆರೇಳು ವರ್ಷವಾದಾಗ ಕಾಣುತ್ತವೆ. ಆದರೆ ಅವುಗಳ ಎನಾಮಲ್ ಕಟ್ಟುವ ಕೆಲಸ ಕೂಸಿಗೆ ಮೂರು-ನಾಲ್ಕು ತಿಂಗಳಿದ್ದಾಗಲೇ ದವಡೆಯೊಳಗೆ ಆರಂಭವಾಗಿ ನಾಲ್ಕೈದು ವರ್ಷಕ್ಕೆ ಮುಗಿದಿರುತ್ತದೆ. ಹಿಂದಿನ ದವಡೆ ಹಲ್ಲುಗಳು ಎಂಟನೆಯ ವರ್ಷದವರೆಗೆ ತಯಾರಾಗುತ್ತಿರುತ್ತವೆ. ಅಂದರೆ ಕೂಸು ತೊಟ್ಟಿಲಲ್ಲಿ ಬೊಚ್ಚುಬಾಯಿ ಬಿಟ್ಟು ನಗುವಾಗ ಒಳಗೆ ಎರಡು ಸಾಲು ಹಲ್ಲಿನ ಕಟ್ಟಡ ಏಳುತ್ತಿರುತ್ತದೆ.

ಈಗ ಕಲೆಯ ಮಾತಿಗೆ ಬರೋಣ. ನಮ್ಮ ಊರುಗಳಲ್ಲಿ ಮಕ್ಕಳ ಮುಂದಿನ ಹಲ್ಲಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಮಚ್ಚೆ, ಅಡ್ಡಗೆರೆ, ಹಳದಿ ಬಣ್ಣ, ಜಾಸ್ತಿಯಾದರೆ ಕಂದು ಕಲೆ, ಸಣ್ಣ ಸಣ್ಣ ಕುಳಿ ಕಾಣುತ್ತವೆ. ಅಕ್ಕಪಕ್ಕದ ಎರಡೂ ಹಲ್ಲಿನ ಮೇಲೆ ಒಂದೇ ಸಮ ಇರುತ್ತವೆ. ತಾಯಿ ಏನು ಮಾಡುತ್ತಾಳೆ? "ಹಲ್ಲು ಸರಿಯಾಗಿ ತಿಕ್ಕಂಗಿಲ್ಲ ಇಕಿ" ಎಂದು ಬೈಯುತ್ತಾಳೆ. ಇಟ್ಟಂಗಿ ಪುಡಿ, ಬೂದಿ, ಇದ್ದಲಿ, ಮರಳು ಉಪ್ಪು ಹಾಕಿ ತಿಕ್ಕಿಸುತ್ತಾಳೆ. ಕಲೆ ಹೋಗುವುದಿಲ್ಲ, ಎನಾಮಲ್ ಸವೆಯುತ್ತದೆ, ಕೊನೆಗೆ ತಣ್ಣೀರು ಕುಡಿದರೂ ಜುಮ್ ಅನ್ನುತ್ತದೆ. ಅತ್ತೆ ಮನೆಯವರಾದರೆ "ಇವರ ವಂಶದಾಗೇ ಹಂಗ ಅದ" ಎನ್ನುತ್ತಾರೆ. ಹೊಲಸು, ವಂಶ, ಪಾಪ, ದೃಷ್ಟಿ ಯಾವುದೂ ಇದಕ್ಕೆ ಕಾರಣವಲ್ಲ. ಆ ಹುಡುಗಿ ಎಂಟು ವರ್ಷದೊಳಗೆ ಕುಡಿದ ನೀರು ಅವಳ ಹಲ್ಲಿನ ಗಚ್ಚಿನೊಳಗೆ ಕಲೆತಿದೆ, ಅಷ್ಟೆ. ಆ ನೀರಿನಲ್ಲಿರುವ ವಸ್ತುವಿನ ಹೆಸರು ಫ್ಲೋರೈಡ್. ಅದರಿಂದ ಬರುವ ರೋಗ ಫ್ಲೋರೋಸಿಸ್.

ಈ ಫ್ಲೋರೈಡ್ ಎಲ್ಲಿಂದ ಬಂತು? ಯಾರೂ ತಂದು ಹಾಕಿದ್ದಲ್ಲ. ನಮ್ಮ ಗುಡ್ಡಗಳನ್ನು ನೋಡ್ರಿ. ಶಹಾಪುರದ ಬೆಟ್ಟ ದೂರದಿಂದ ಬುದ್ಧ ಮಲಗಿದಂತೆ ಕಾಣುತ್ತದೆ ಎಂದು ಬಸ್ಸಿನಲ್ಲಿ ಹೋಗುವವರೂ ತಿರುಗಿ ನೋಡುತ್ತಾರೆ. ಯಾದಗಿರಿಯ ಕೋಟೆಯ ಗುಡ್ಡ, ಸುರಪುರದ ಸುತ್ತಲಿನ ಗುಡ್ಡಗಳು, ಎಲ್ಲ ಗಟ್ಟಿ ಕಣಶಿಲೆ, ಗ್ರಾನೈಟ್. ಇಂಥ ಕಲ್ಲಿನೊಳಗೆ ಫ್ಲೋರೈಡ್ ಇರುವ ಖನಿಜಗಳು ಹುಟ್ಟಿನಿಂದಲೇ ಇವೆ. ಅದೇ ಕಲ್ಲು ನೆಲದ ಕೆಳಗೂ ಹಬ್ಬಿದೆ. ಅದರ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತು ಕಲ್ಲನ್ನು ನೆಕ್ಕುತ್ತ ಫ್ಲೋರೈಡನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಹೊಸ ನೀರು ಇಳಿದು ಹಳೆಯದನ್ನು ತಿಳಿ ಮಾಡುವುದು ಕಡಿಮೆ. ಬೋರು ಆಳಕ್ಕೆ ಹೋದಷ್ಟೂ ಹಳೆಯ ನೀರು ಸಿಗುವುದು ಹೆಚ್ಚು. ಹಾಗೆಂದು ಎಲ್ಲ ಬೋರೂ ಕೆಟ್ಟವಲ್ಲ. ಒಂದೇ ಊರಲ್ಲಿ ಹನುಮಪ್ಪನ ಗುಡಿ ಹತ್ತಿರದ ಬೋರು ಛಲೋ ಇದ್ದು ಶಾಲೆ ಹತ್ತಿರದ್ದು ಕೆಟ್ಟಿರಬಹುದು. ನೋಡಿದರೆ, ಕುಡಿದರೆ ಗೊತ್ತಾಗುವುದಿಲ್ಲ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಸವಳು ನೀರು ಬೇರೆ, ಫ್ಲೋರೈಡ್ ನೀರು ಬೇರೆ. ಸಿಹಿನೀರಿನ ಬೋರಿನಲ್ಲಿಯೂ ಅದು ಇರಬಹುದು.

ಇಲ್ಲಿ ಹಿರಿಯರ ಒಂದು ಕಷ್ಟವನ್ನು ನೆನೆಯಬೇಕು. ಅರವತ್ತು ದಾಟಿದ ತಾಯಂದಿರಿಗೆ ನಾರುಹುಣ್ಣು ನೆನಪಿರಬೇಕು. ಮೆಟ್ಟಿಲುಬಾವಿಗೆ ಇಳಿದು ತಂದ ನೀರು ಕುಡಿದು ಒಂದು ವರ್ಷಕ್ಕೆ ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟು ಎಳೆಯುತ್ತಿದ್ದರು. ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದಕ್ಕೆ ಕುಖ್ಯಾತವಾಗಿದ್ದವು. ಆ ಬಾವಿಗಳನ್ನು ಬಿಡಿಸಿ ಕೈಪಂಪು, ಬೋರು ಹಾಕಿಸಿದ್ದರಿಂದ, ನೀರು ಸೋಸಿ ಕುಡಿಯಲು ಕಲಿಸಿದ್ದರಿಂದ ಆ ರೋಗ ಹೋಯಿತು. 1996ರ ನಂತರ ನಮ್ಮ ದೇಶದಲ್ಲಿ ಒಂದೂ ನಾರುಹುಣ್ಣು ಕಾಣಿಸಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಬೋರು ನಮ್ಮನ್ನು ಉಳಿಸಿದ್ದು ಖರೆ. ಆದರೆ ನೆಲದ ಮೇಲಿನ ಹುಳದಿಂದ ತಪ್ಪಿಸಿಕೊಂಡು ನೆಲದೊಳಗಿನ ಕಲ್ಲಿನ ಕೈಗೆ ಸಿಕ್ಕೆವು. ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ.

ಹಲ್ಲಿನ ಕಲೆಗೆ ನೀರೇ ಕಾರಣ ಎಂದು ಪ್ರಪಂಚಕ್ಕೆ ಗೊತ್ತಾದ ಕಥೆಯನ್ನು ನೀವು ಕೇಳಬೇಕು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ಹಲ್ಲಿನ ಡಾಕ್ಟರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು ಬಣ್ಣ. ಹೊರಗಿನಿಂದ ಬಂದವರಿಗೆ ಏನೂ ಇಲ್ಲ. ಅವನು ವರ್ಷಗಟ್ಟಲೆ ಹುಡುಕಿದ, ಕಾರಣ ಸಿಗಲಿಲ್ಲ. 1923ರಲ್ಲಿ ಓಕ್ಲಿ ಎಂಬ ಇನ್ನೊಂದು ಸಣ್ಣ ಊರಿಗೆ ಹೋದ. ಅಲ್ಲಿ ಮಕ್ಕಳ ತಂದೆ-ತಾಯಂದಿರೇ ಅವನಿಗೆ ಹೇಳಿದರು: ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾದವು ಅಂತ. ಅವನು ನೀರನ್ನು ಪರೀಕ್ಷೆ ಮಾಡಿಸಿದರೂ ಆಗಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೂ ಆ ಪೈಪು ಬಿಟ್ಟು ಬೇರೆ ಬುಗ್ಗೆಯ ನೀರು ತಗೊಳ್ಳಿರಿ ಎಂದು ಊರವರಿಗೆ ಹೇಳಿದ. ಕೆಲವೇ ವರ್ಷಗಳಲ್ಲಿ ಅಲ್ಲಿಯ ಸಣ್ಣ ಮಕ್ಕಳಿಗೆ ಕಲೆಯಿಲ್ಲದ ಹೊಸ ಹಲ್ಲು ಬಂದವು. ನೀರಿನಲ್ಲಿದ್ದದ್ದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನ ಶಾಸ್ತ್ರಜ್ಞ ಕಂಡುಹಿಡಿದದ್ದು 1931ರಲ್ಲಿ. ಅಂದರೆ ಪ್ರಯೋಗಾಲಯಕ್ಕಿಂತ ಎಂಟು ವರ್ಷ ಮೊದಲು ಮಕ್ಕಳ ಬಾಯಿ ನೋಡುತ್ತಿದ್ದ ಮನೆಯವರಿಗೆ ಅದು ಹೊಳೆದಿತ್ತು. ನಮ್ಮ ದೇಶದಲ್ಲಿ 1937ರಲ್ಲಿ, ಆಗ ಮದ್ರಾಸ್ ಪ್ರಾಂತದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ, ಇದೇ ನೀರಿನಿಂದ ಎಲುಬು ಸಹ ಕೆಡುತ್ತದೆ ಎಂದು ಡಾಕ್ಟರರು ಬರೆದರು.

ಹೌದು, ಎಲುಬೂ ಕೆಡುತ್ತದೆ. ಹಲ್ಲಿನ ಕಲೆ ಮೊದಲ ಸೂಚನೆ ಮಾತ್ರ. ಫ್ಲೋರೈಡ್ ಬಹಳ ಇರುವ ನೀರನ್ನು ಹತ್ತು-ಇಪ್ಪತ್ತು ವರ್ಷ ಕುಡಿದವರಿಗೆ ಕುತ್ತಿಗೆ, ಸೊಂಟ, ಮೊಳಕಾಲು ಹಿಡಿದುಕೊಳ್ಳುತ್ತವೆ. ಮನೆಯಲ್ಲಿಯೇ ನೋಡಿಕೊಳ್ಳಬಹುದಾದ ಮೂರು ಪರೀಕ್ಷೆಗಳಿವೆ. ಮೊಳಕಾಲು ಮಡಚದೆ ಬಗ್ಗಿ ಕಾಲಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ತಲೆಯ ಹಿಂದೆ ಒಯ್ಯುವುದು. ನೋವಿಲ್ಲದೆ ಇವು ಆಗದಿದ್ದರೆ "ವಯಸ್ಸಾತು, ವಾಯು" ಎಂದು ಬಿಡದೆ ಆಸ್ಪತ್ರೆಗೆ ತೋರಿಸಿ, ಕುಡಿಯುವ ನೀರಿನ ವಿಷಯವನ್ನೂ ಡಾಕ್ಟರಿಗೆ ಹೇಳಿರಿ.

ಎಷ್ಟಿದ್ದರೆ ಸರಿ? ನಮ್ಮ ದೇಶದ ಲೆಕ್ಕದಲ್ಲಿ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ತನಕ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5 ತನಕ ನಡೆಯುತ್ತದೆ. ಅದಕ್ಕಿಂತ ಮೇಲೆ ಹೋದರೆ ಮಕ್ಕಳಿಗೆ ಕೊಡಬಾರದು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಈ ಮಿತಿ ದಾಟಿದ ಬೋರುಗಳು ಅನೇಕ ಇವೆ.

ಹಾಗಾದರೆ ಏನು ಮಾಡೋದು ಅಂತೀರಿ. ಮೊದಲಿಗೆ, ಏನು ಮಾಡಿದರೆ ಪ್ರಯೋಜನವಿಲ್ಲ ಎಂದು ಹೇಳುತ್ತೇವೆ, ಯಾಕೆಂದರೆ ಅದರಲ್ಲಿಯೇ ಎಲ್ಲರೂ ಮೋಸ ಹೋಗುವುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗಿ ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿಯುವುದರಿಂದ ತುಸು ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿಗೆ, ಕ್ಯಾಂಡಲ್ ಫಿಲ್ಟರಿಗೆ ಹೋಗುವುದಿಲ್ಲ. ಇವೆಲ್ಲ ವಾಂತಿಭೇದಿಯ ರೋಗಾಣುಗಳಿಗೆ ಒಳ್ಳೆಯವು, ಬಿಡಬೇಡಿರಿ, ಆದರೆ ಫ್ಲೋರೈಡಿಗೆ ನಾಟುವುದಿಲ್ಲ.

ಪ್ರಯೋಜನ ಇರುವುದು ಮೂರು-ನಾಲ್ಕು ದಾರಿಗಳಲ್ಲಿ. ಊರಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ, ಅದು ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಅದರೊಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಬದಲಿಸದೆ ಹಾಗೇ ನಡೆಸಿದರೆ ನಾಣ್ಯ ಹಾಕಿ ಬೋರಿನ ನೀರನ್ನೇ ತಂದಂತೆ. ಘಟಕ ಕೆಟ್ಟು ಬಾಗಿಲು ಹಾಕಿದ ಊರುಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಅದನ್ನು ಗ್ರಾಮ ಸಭೆಯಲ್ಲಿ ಎದ್ದು ಕೇಳುವ ಹಕ್ಕು ನಿಮಗಿದೆ. ಒಬ್ಬಳು ಕೇಳಿದರೆ "ಕೂಡ್ರವ್ವ" ಎನ್ನುತ್ತಾರೆ, ಹತ್ತು ಸಂಘದವರು ಕೂಡಿ ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೊಂಡರೆ ಹಾಗನ್ನುವುದಿಲ್ಲ. ಎರಡನೆಯದು ಹೊಳೆಯ ನೀರು. ಕೃಷ್ಣಾ, ಭೀಮಾ ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ಹೊಳೆಯ ಅಥವಾ ಕಾಲುವೆಯ ನೀರನ್ನು ನೇರ ಕುಡಿದರೆ ಬೇರೆ ರೋಗ ಬರುತ್ತದೆ, ಅದರಲ್ಲೂ ಭತ್ತದ ಗದ್ದೆಗಳ ಔಷಧ ಇಳಿದ ನೀರು ಬೇಡವೇ ಬೇಡ. ಶುದ್ಧೀಕರಿಸಿ ನಳದಲ್ಲಿ ಬಂದ ಹೊಳೆನೀರು ಒಳ್ಳೆಯದು. ಮೂರನೆಯದು ಮಳೆನೀರು. ಇದರಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ಮಾಳಿಗೆ ತೊಳೆದು, ಮೊದಲ ಮಳೆ ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿದ ಟಾಕಿಯಲ್ಲಿ ಇಟ್ಟು ಕುದಿಸಿ ಕುಡಿಯಬಹುದು. ಸಂಘದ ಸಾಲ ತೆಗೆದು ಇಂಥ ಟಾಕಿ ಕಟ್ಟಿಸಿಕೊಳ್ಳುವುದು ದಂಡದ ಖರ್ಚಲ್ಲ ಎಂಬುದು ನಮ್ಮ ಅಭಿಪ್ರಾಯ.

ಮನೆಯ ಎಲ್ಲರಿಗೂ ಎಲ್ಲದಕ್ಕೂ ಒಳ್ಳೆಯ ನೀರು ತರಲು ಆಗುವುದಿಲ್ಲ, ತಿಳಿಯುತ್ತದೆ. ಮೈ ತೊಳೆಯಲು, ಬಟ್ಟೆ-ಪಾತ್ರೆಗೆ, ದನಕ್ಕೆ ಬೋರಿನ ನೀರೇ ಇರಲಿ. ಆದರೆ ಎಂಟು ವರ್ಷದೊಳಗಿನ ಮಕ್ಕಳು ಮತ್ತು ಬಸುರಿ ಹೆಂಗಸು ಇರುವ ಮನೆಯಲ್ಲಿ ಒಂದು ಕೊಡ ಒಳ್ಳೆಯ ನೀರನ್ನು ಬೇರೆ ಇಡಿರಿ. ಕುಡಿಯಲು ಮತ್ತು ಅಡಿಗೆಗೆ, ಎರಡಕ್ಕೂ ಅದೇ. ಅಡಿಗೆಯ ಮಾತು ಬಹಳ ಜನ ಮರೆಯುತ್ತಾರೆ. ಬ್ಯಾಳಿ, ಅನ್ನ, ಗಂಜಿ ಇವು ನೀರನ್ನು ಫ್ಲೋರೈಡ್ ಸಮೇತ ಹೀರಿಕೊಳ್ಳುತ್ತವೆ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಬಿಸಿಯೂಟಕ್ಕೆ ಯಾವ ನೀರು ಹಾಕುತ್ತಾರೆ ಎಂದು ಹೋಗಿ ನೋಡಿರಿ. ಅಡಿಗೆ ಮಾಡುವ ಅಕ್ಕ ನಿಮ್ಮ ಸಂಘದವಳೇ ಇರುತ್ತಾಳೆ.

ಎದೆಹಾಲಿನ ಬಗ್ಗೆ ಒಂದು ಸಂತೋಷದ ಸಂಗತಿ ಇದೆ. ತಾಯಿ ಎಂಥ ನೀರು ಕುಡಿದರೂ ಅವಳ ಹಾಲಿನೊಳಗೆ ಫ್ಲೋರೈಡ್ ಬರುವುದು ತೀರಾ ಕಡಿಮೆ. ದೇವರು ತಾಯಿಯ ಮೈಯಲ್ಲಿಯೇ ಒಂದು ಜರಡಿ ಇಟ್ಟಿದ್ದಾನೆ. ಆರು ತಿಂಗಳು ಬರೀ ಎದೆಹಾಲು ಕುಡಿದ ಕೂಸಿಗೆ ಅಷ್ಟು ದಿನ ರಕ್ಷಣೆ ಸಿಕ್ಕಂತೆ. ಅದೇ ಬೋರಿನ ನೀರಲ್ಲಿ ಡಬ್ಬಿಹಾಲಿನ ಪುಡಿ ಕಲಸಿ ಕುಡಿಸಿದರೆ ಅದು ಸಿಗುವುದಿಲ್ಲ. ಇನ್ನು ಊಟದಲ್ಲಿ ಹಾಲು, ಮಜ್ಜಿಗೆ, ಎಳ್ಳು, ನುಗ್ಗಿ ಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣು ಇದ್ದರೆ ಮೈ ಫ್ಲೋರೈಡನ್ನು ಹೀರುವುದು ಕಡಿಮೆಯಾಗುತ್ತದೆ. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಹುಳಿಪಲ್ಯ, ಸಾರು ಸುಮ್ಮನೆ ಬಂದದ್ದಲ್ಲ ನೋಡ್ರಿ. ಆದರೂ ಹುಣಸೆ ತಿಂದರೆ ಕೆಟ್ಟ ನೀರು ಒಳ್ಳೆಯದಾಗುತ್ತದೆ ಎಂದು ತಿಳಿಯಬೇಡಿರಿ.

ಈಗಾಗಲೇ ಕಲೆ ಆದವರಿಗೆ? ಆ ಹಲ್ಲು ಹೊಲಸಲ್ಲ, ಅಂಟುರೋಗವಲ್ಲ, ಅವಳ ಮಕ್ಕಳಿಗೆ ರಕ್ತದಿಂದ ಬರುವುದೂ ಅಲ್ಲ. ಒಳ್ಳೆಯ ನೀರಿನ ಊರಿಗೆ ಸೊಸೆಯಾಗಿ ಹೋದರೆ ಅವಳ ಮಕ್ಕಳ ಹಲ್ಲು ಮಲ್ಲಿಗೆ ಮೊಗ್ಗಿನಂತೆ ಬರುತ್ತವೆ. ಹೆಣ್ಣು ನೋಡಲು ಬಂದವರಿಗೆ ಇದನ್ನು ಹೇಳುವ ಧೈರ್ಯ ಸಂಘದ ಹೆಂಗಸರಿಗೆ ಇರಬೇಕು. ಬೇಕೆಂದರೆ ತಿಳಿ ಕಲೆಯನ್ನು ಹಲ್ಲಿನ ಡಾಕ್ಟರು ಮೇಲ್ಪದರ ಸ್ವಲ್ಪ ಉಜ್ಜಿ ತೆಗೆಯುತ್ತಾರೆ, ಜಾಸ್ತಿ ಇದ್ದರೆ ಹಲ್ಲಿನ ಬಣ್ಣದ ವಸ್ತು ಹಚ್ಚುತ್ತಾರೆ. ಕಲಬುರಗಿ, ರಾಯಚೂರಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಕೆಲಸ ಖಾಸಗಿ ದವಾಖಾನೆಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಇಟ್ಟಂಗಿ ಪುಡಿ ಮಾತ್ರ ಇವತ್ತೇ ಬಿಡಿರಿ.

ಪೇಸ್ಟಿನಲ್ಲಿಯೂ ಫ್ಲೋರೈಡ್ ಇರುತ್ತದಲ್ಲ, ಮತ್ತೆ ಅದು ಯಾಕೆ ಎಂದು ಓದು ಬಲ್ಲ ಹುಡುಗಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದು ಉಪ್ಪಿದ್ದಂತೆ. ಹಲ್ಲಿನ ಮೇಲೆ ಹೊರಗಿನಿಂದ ಸ್ವಲ್ಪ ಹತ್ತಿದರೆ ಎನಾಮಲ್ ಗಟ್ಟಿಯಾಗಿ ಹುಳುಕು ಹತ್ತುವುದಿಲ್ಲ. ಹೊಟ್ಟೆಗೆ ಬಹಳ ಹೋದರೆ ಕೇಡು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದ ತನಕ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಟಿವಿ ಜಾಹೀರಾತಿನಂತೆ ಬ್ರಷ್ ತುಂಬ ಹಾಕಬೇಡಿರಿ. ಉಗುಳಲು ಕಲಿಸಿರಿ, ನುಂಗಬಾರದು.

ಹುಳುಕು ಎಂದ ಕೂಡಲೇ ಹುಳ ನೆನಪಾಗುತ್ತದೆ. ಹಲ್ಲಿನಲ್ಲಿ ಹುಳ ಇರುತ್ತದೆಂಬ ನಂಬಿಕೆ ನಮ್ಮದೊಂದೇ ಅಲ್ಲ, ಸಾವಿರಾರು ವರ್ಷದ ಹಿಂದೆ ಬ್ಯಾಬಿಲೋನಿನ ಜನ ಮಣ್ಣಿನ ಹಲಗೆಯ ಮೇಲೆ ಅದನ್ನು ಬರೆದಿಟ್ಟಿದ್ದಾರೆ. ಹೊಗೆ ಹಾಕಿ, ಮದ್ದು ಹಾಕಿ ಹಲ್ಲಿನ ಹುಳ ತೆಗೆದು ತೋರಿಸುತ್ತೇವೆ ಎಂಬುವರನ್ನು ನಂಬಬೇಡಿರಿ. ಹಲ್ಲಿನಲ್ಲಿ ಹುಳ ಇಲ್ಲ, ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ನಾವು ತಿಂದ ಸಕ್ಕರೆ, ಬಿಸ್ಕಿಟನ್ನು ಅವೂ ತಿಂದು ಹುಳಿ ಬಿಡುತ್ತವೆ. ಆ ಹುಳಿ ಎನಾಮಲನ್ನು ಕರಗಿಸುತ್ತದೆ. ನಮ್ಮ ಜೊಲ್ಲು ಅರ್ಧದಿಂದ ಒಂದು ತಾಸಿನೊಳಗೆ ಅದನ್ನು ಸರಿ ಮಾಡುತ್ತದೆ. ಆದರೆ ಮಗು ಅರ್ಧ ತಾಸಿಗೊಮ್ಮೆ ಚಾಕಲೇಟು, ಕುರುಕುರೆ ಬಾಯಿಗೆ ಹಾಕುತ್ತಿದ್ದರೆ ಜೊಲ್ಲಿಗೆ ಪುರಸೊತ್ತು ಎಲ್ಲಿ? ತಿನ್ನುವುದಾದರೆ ಊಟದ ಜೊತೆಗೇ ತಿಂದುಬಿಡಲಿ. ರಾತ್ರಿ ಜೊಲ್ಲು ಕಡಿಮೆ, ಆದ್ದರಿಂದ ಮಲಗುವ ಮುಂಚೆ ತಿಕ್ಕುವುದು ಬೆಳಗಿನದಕ್ಕಿಂತ ಮುಖ್ಯ. ಆರನೆಯ ವರ್ಷಕ್ಕೆ ಎಲ್ಲಕ್ಕೂ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನು ಹಾಲುಹಲ್ಲು ಎಂದುಕೊಂಡು "ಹ್ಯಾಂಗೂ ಬೀಳ್ತದ" ಎಂದು ಬಿಡುತ್ತೇವೆ. ಅದು ಬೀಳುವ ಹಲ್ಲಲ್ಲ, ಜನ್ಮಕ್ಕೆ ಇರುವುದು.

ಇನ್ನು ತಂಬಾಕು. ಇದನ್ನು ಗಂಡಸರ ಚಟ ಎಂದು ಬೈದು ನಾವು ಸುಮ್ಮನಾಗುತ್ತೇವೆ. ಖರೆ ಹೇಳ್ರಿ, ಎಲಿ-ಅಡಕಿ ಜೊತೆ ತಂಬಾಕು ಹಾಕುವ ತಾಯಂದಿರು ಎಷ್ಟು ಮಂದಿ ಇದ್ದೀರಿ? ಸುಟ್ಟ ತಂಬಾಕಿನ ಪುಡಿಯಿಂದ, ನಶ್ಯದಿಂದ ಹಲ್ಲು ತಿಕ್ಕದಿದ್ದರೆ ಹೊಲಕ್ಕೆ ಹೋಗಲು ಆಗುವುದಿಲ್ಲ ಎಂಬುವರೂ ಇದ್ದೀರಿ. ಹಲ್ಲುನೋವಿಗೆಂದು ಹಚ್ಚಿದ್ದು ಚಟವಾಗಿ ನಿಲ್ಲುತ್ತದೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧ ಹಾಕಿತು. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧ. ಅದಾದ ಮೇಲೆ ಪಾನ್ ಮಸಾಲಾದ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಬೇರೆ ಬೇರೆ ಮಾರುತ್ತಾರೆ, ಕೊಂಡವನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಇದನ್ನು ಕೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಆದರೆ ಹೇಳದೆ ಇರಲಾಗದು. ದಿನಕ್ಕೆ ಹತ್ತು ರೂಪಾಯಿ ಎಂದರೂ ವರ್ಷಕ್ಕೆ 3,650 ರೂಪಾಯಿ ಉಗುಳಿದಂತೆ. ವಾರಕ್ಕೆ ನೀವು ಉಳಿತಾಯ ಕಟ್ಟುವುದು ಎಷ್ಟು?

ಬಾಯಿಯ ಕ್ಯಾನ್ಸರಿನ ಕೆಟ್ಟ ಗುಣವೆಂದರೆ ಆರಂಭದಲ್ಲಿ ನೋವೇ ಇರುವುದಿಲ್ಲ. ಆದ್ದರಿಂದ ಕಣ್ಣಿನಿಂದ ನೋಡಬೇಕು. ತಿಂಗಳಿಗೊಮ್ಮೆ ಕನ್ನಡಿ ಹಿಡಿದು ಬೆಳಕಿಗೆ ನಿಂತು ಗಲ್ಲದ ಒಳಭಾಗ, ನಾಲಿಗೆಯ ಎರಡು ಬದಿ, ನಾಲಿಗೆ ಕೆಳಗೆ ನೋಡಿಕೊಳ್ಳಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತೋರಿಸಬೇಕು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹೋಗುತ್ತವೆಯೋ ನೋಡಿರಿ. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಅಡಿಕೆ-ಗುಟ್ಕಾದಿಂದ ಗಲ್ಲ ಗಡಸಾಗುತ್ತಿದೆ ಎಂದು ಅರ್ಥ. ಬೇಗ ಸಿಕ್ಕರೆ ವಾಸಿಯಾಗುವುದು ಹೆಚ್ಚು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ, ಬೆಂಗಳೂರಿನ ತನಕ ಓಡಬೇಕಾಗಿಲ್ಲ. ರೇಷನ್ ಕಾರ್ಡ್, ಆಧಾರ್ ಒಯ್ಯಿರಿ. ತಂಬಾಕು ಬಿಡಬೇಕೆನ್ನುವವರಿಗೆ 1800-112-356 ಎಂಬ ಉಚಿತ ಫೋನ್ ನಂಬರ್ ಇದೆ. ಫೋನ್ ಹಚ್ಚಲು ನಾಚಿಕೆಯಾದರೆ ಸಂಘದ ಗೆಳತಿಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ.

ಬಸುರಿಯರಿಗೆ ಎರಡು ಮಾತು. ಬಸಿರಿದ್ದಾಗ ವಸಡು ಬಾತು ರಕ್ತ ಬರುವುದು ಬಹಳ ಮಂದಿಗೆ ಆಗುತ್ತದೆ. ರಕ್ತ ಬಂತೆಂದು ತಿಕ್ಕುವುದು ಬಿಡುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ಮೆತ್ತನೆಯ ಬ್ರಷ್‌ನಿಂದ ತಿಕ್ಕಿರಿ. ಬಸಿರಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ, ಬಸಿರಿದ್ದೇನೆಂದು ಡಾಕ್ಟರಿಗೆ ಮೊದಲೇ ಹೇಳಬೇಕು. ಕೂಸು ತಾಯಿಯ ಹಲ್ಲಿನಿಂದ ಸುಣ್ಣ ಎಳೆದುಕೊಳ್ಳುವುದಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದೂ ಸುಳ್ಳು. ಈ ಭಯದಿಂದ ಕೀವು ತುಂಬಿದ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಂಡು ನರಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ವಸಡನ್ನು ಇನ್ನೂ ಜೋಪಾನ ಮಾಡಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದಿಲ್ಲ.

ಹಲ್ಲುನೋವಿನವರಿಗೆ ನಮ್ಮ ಕಥೋಲಿಕ ಸಭೆಯಲ್ಲಿ ಒಬ್ಬ ಸಂತಳೂ ಇದ್ದಾಳೆ, ಸಂತ ಅಪೊಲೊನಿಯ. ಈಜಿಪ್ತಿನ ಅಲೆಕ್ಸಾಂಡ್ರಿಯದಲ್ಲಿ 249ರಲ್ಲಿ ಗಲಭೆ ಎದ್ದ ಜನ ಈ ವಯಸ್ಸಾದ ತಾಯಿಯ ಹಲ್ಲುಗಳನ್ನೆಲ್ಲ ಹೊಡೆದು ಉದುರಿಸಿದರು, ಆಕೆ ವಿಶ್ವಾಸ ಬಿಡಲಿಲ್ಲ. ಫೆಬ್ರವರಿ 9 ಆಕೆಯ ಹಬ್ಬ. ಸಂಘಗಳಲ್ಲಿ ಎಲ್ಲ ಧರ್ಮದ, ಎಲ್ಲ ಜಾತಿಯ ಅಕ್ಕಂದಿರು ಇದ್ದೀರಿ. ಆ ದಿನ ಯಾವುದೇ ಊರಲ್ಲಿ ಮಕ್ಕಳ ಹಲ್ಲು ನೋಡುವ ಶಿಬಿರ ಇಟ್ಟುಕೊಂಡರೆ ನಾವು ಬಂದು ಜೊತೆ ನಿಲ್ಲುತ್ತೇವೆ.

ಈಗ ಕೆಲಸದ ಮಾತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಇದೆ. ಪರೀಕ್ಷೆಯ ಪೆಟ್ಟಿಗೆಯಲ್ಲಿ ಫ್ಲೋರೈಡಿನದೂ ಇರುತ್ತದೆ, ಹನಿ ಹಾಕಿ ಬಣ್ಣ ಹೋಲಿಸಿ ನೋಡುವುದು, ಏಳನೆಯ ಇಯತ್ತೆ ಓದಿದವಳಿಗೂ ಬರುತ್ತದೆ. ನಿಮ್ಮ ಊರಿನ ಆ ಐದು ಮಂದಿ ಯಾರು, ಪೆಟ್ಟಿಗೆ ಎಲ್ಲಿದೆ ಎಂದು ಪಂಚಾಯ್ತಿಯಲ್ಲಿ ಕೇಳಿರಿ. ಪೆಟ್ಟಿಗೆಯಲ್ಲಿ ಜಾಸ್ತಿ ಕಂಡರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಖಾತ್ರಿ ಮಾಡಿಸಬೇಕು. ಸುರಪುರ ತಾಲ್ಲೂಕಿನವರು ಆರ್ಸೆನಿಕ್ ಎಂಬ ವಿಷವನ್ನೂ ನೋಡಿಸಿರಿ. ಕಿರದಳ್ಳಿ ತಾಂಡಾದ ಜನ ಆ ನೀರು ಕುಡಿದು ಚರ್ಮರೋಗ, ಕ್ಯಾನ್ಸರಿನಿಂದ ನರಳಿದ್ದು ನಿಮಗೆ ಗೊತ್ತೇ ಇದೆ. ಗುಳೆ ಹೋಗುವವರು ಹೋಗುವ ಮುಂಚೆಯೇ ನಿಮ್ಮ ಓಣಿಯ ನೀರು ಕೊಟ್ಟು ಹೋಗಿರಿ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರು ತಮ್ಮ ಮಕ್ಕಳು ಕುಡಿಯುವ ನೀರನ್ನು ಒಂದು ಲೀಟರ್ ತರಬೇಕು. ಗಾಜಿನ ಸೀಸೆ ಬೇಡ, ಫ್ಲೋರೈಡ್ ಗಾಜಿಗೆ ಹತ್ತಿಕೊಂಡು ಲೆಕ್ಕ ತಪ್ಪುತ್ತದೆ, ಪ್ಲಾಸ್ಟಿಕ್ ಬಾಟಲಿಯೇ ಇರಲಿ. ಬೋರನ್ನು ಐದು ನಿಮಿಷ ಹೊಡೆದು ನೀರು ಬಿಟ್ಟು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಕಂಠದ ತನಕ ತುಂಬಿ ಮುಚ್ಚಿರಿ. ಸಾಬೂನು ಹಾಕಿ ತೊಳೆಯಬೇಡಿರಿ. ಮೇಲೆ ಒಂದು ಚೀಟಿ ಅಂಟಿಸಿ ಊರು, ಓಣಿ, ಬೋರು ಎಲ್ಲಿದೆ, ತುಂಬಿದ ದಿನ, ಸಂಘದ ಹೆಸರು ಬರೆಯಿರಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿರಿ. ಬಾಟಲಿಗಳನ್ನು ನಮ್ಮ ಕಾರ್ಯಕರ್ತೆಯರು ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾರೆ. ಉತ್ತರ ಬಂದ ಮೇಲೆ ಯಾವ ಬೋರಿನ ನೀರು ಕುಡಿಯಬಹುದು, ಯಾವುದು ಬಳಸಲು ಮಾತ್ರ ಎಂದು ನೀವೇ ಬೋರಿನ ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಯಬೇಕು. ಬಣ್ಣದ ಡಬ್ಬಿ, ಕುಂಚ ನಾವು ಕೊಡುತ್ತೇವೆ.